ಮೂರನೇ ದಿನದ ರಕ್ತ

2021ರ ಮೇ ತಿಂಗಳು. ಕೊಪ್ಪಳದ ಗವಿಮಠವೇ ಕೋವಿಡ್ ಆಸ್ಪತ್ರೆ ತೆರೆದಿದ್ದ ದಿನಗಳವು. ಗಂಗಾವತಿಯ ಲ್ಯಾಬುಗಳ ಮುಂದೆ, ಕುಷ್ಟಗಿ, ಯಲಬುರ್ಗಾದ ಸರ್ಕಾರಿ ದವಾಖಾನೆಗಳ ಕಟ್ಟೆಯ ಮೇಲೆ ಕೂತವರು ಒಬ್ಬರನ್ನೊಬ್ಬರು ಕೇಳುತ್ತಿದ್ದುದು ಜ್ವರ ಎಷ್ಟಿದೆ ಎಂದಲ್ಲ, "ನಿಮ್ಮವ್ರದು ಸಿಆರ್‌ಪಿ ಎಷ್ಟ್ ಬಂದೈತ್ರೀ?" ಎಂದು. ವೈದ್ಯಕೀಯದ ಪುಸ್ತಕವನ್ನು ಎಂದೂ ಮುಟ್ಟದ ರೈತರು, ಅಕ್ಕಿ ಗಿರಣಿಯ ಹಮಾಲರು, ಅಂಗನವಾಡಿಯ ಅಕ್ಕಂದಿರು ಆ ಮೂರಕ್ಷರವನ್ನು ಮಳೆಯ ನಕ್ಷತ್ರದ ಹೆಸರಿನಷ್ಟೇ ಸಲೀಸಾಗಿ ಆಡತೊಡಗಿದ್ದರು. ಕೊರೋನಾ ಸರಿದುಹೋಯಿತು, ಮೂರಕ್ಷರ ಊರಲ್ಲೇ ಉಳಿಯಿತು. ಈಗಲೂ ಲ್ಯಾಬಿನ ಹಾಳೆ ಕೈಗೆ ಬಂದರೆ ಅನೇಕರ ಬೆರಳು ಮೊದಲು ಹೋಗುವುದು ಆ ಸಾಲಿಗೆ.

ಆ ಅಂಕಿಯನ್ನು ದೇಹ ಯಾಕಾಗಿ ಬರೆಯುತ್ತದೆ, ಯಾರಿಗಾಗಿ ಬರೆಯುತ್ತದೆ ಎಂದು ಯೋಚಿಸತೊಡಗಿದ ಮೇಲೆ ನನ್ನ ಬೆರಗು ಇಳಿದಿಲ್ಲ. ನಾನು ವೈದ್ಯನಲ್ಲ, ಓದಿ ಕೇಳಿ ತಿಳಿದುಕೊಂಡವನು. ಆ ಅಂಕಿ ತನ್ನ ಅತ್ಯಂತ ಸೂಕ್ಷ್ಮವಾದ ಕೆಲಸವನ್ನು ಮಾಡುವುದು ಕೊರೋನಾದಲ್ಲಿ ಅಲ್ಲ, ಮೇದೋಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆ ಮುಗಿದ ಮೇಲಿನ ಒಂದು ವಾರದಲ್ಲಿ. ಹೊಟ್ಟೆಯೊಳಗೆ ಹಾಕಿದ ಹೊಲಿಗೆಯೊಂದು ಬಿಟ್ಟುಕೊಳ್ಳುತ್ತಿದೆಯೋ ಇಲ್ಲವೋ ಎಂಬುದನ್ನು, ರೋಗಿಗೆ ಜ್ವರ ಬರುವ ಮುಂಚೆ, ಹೊಟ್ಟೆ ಬಿಗಿಯುವ ಮುಂಚೆ, ಮೊಣಕೈ ಮಡಿಕೆಯಿಂದ ತೆಗೆದ ಎರಡು ಚಮಚೆ ರಕ್ತ ಹೇಳಬಲ್ಲದು ಎಂದರೆ ಅದು ಸಣ್ಣ ಮಾತೇ?

ಮೊದಲು ಆ ಗ್ರಂಥಿಯ ಬಗ್ಗೆ ಹೇಳಬೇಕು. ಜಠರದ ಹಿಂದೆ, ಬೆನ್ನುಮೂಳೆಗೆ ಒರಗಿಕೊಂಡು ಅಡ್ಡಲಾಗಿ ಮಲಗಿರುತ್ತದೆ. ಉದ್ದ ಸುಮಾರು 15 ಸೆಂಟಿಮೀಟರು, ಅಂದರೆ ಒಂದು ಗೇಣೂ ಇಲ್ಲ; ತೂಕ ನೂರು ಗ್ರಾಮಿನ ಒಳಗೆ. ಇಷ್ಟು ಚಿಕ್ಕದು ದಿನಕ್ಕೆ ಒಂದೂವರೆ ಲೀಟರಿನಷ್ಟು ರಸ ಸುರಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಗಂಗಾವತಿಯ ಸೋನಾ ಮಸೂರಿ ಆಗಲಿ, ಯಲಬುರ್ಗಾದ ಎರೆಹೊಲದಲ್ಲಿ ಇಬ್ಬನಿಯನ್ನೇ ನಂಬಿ ಬೆಳೆದ ಬಿಳಿಜೋಳದ ರೊಟ್ಟಿಯಾಗಲಿ, ಒಳಗಿನ ಪಿಷ್ಟವನ್ನು ಒಡೆದು ಸಕ್ಕರೆ ಮಾಡುವುದು ಈ ರಸದ ಅಮೈಲೇಸ್. ನೀರಾವರಿಯವರಿಗೂ ಒಣಬೇಸಾಯದವರಿಗೂ ಅದೇ ಕಿಣ್ವ. ಎಣ್ಣೆ, ತುಪ್ಪಕ್ಕೆ ಲೈಪೇಸ್. ಬೇಳೆ, ಮಾಂಸಕ್ಕೆ ಟ್ರಿಪ್ಸಿನ್.

ಟ್ರಿಪ್ಸಿನ್ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ಪ್ರೋಟೀನನ್ನು ಕತ್ತರಿಸುವುದು ಅದರ ಕೆಲಸ. ನಮ್ಮ ಮಾಂಸಖಂಡ, ರಕ್ತನಾಳ, ಸ್ವತಃ ಆ ಗ್ರಂಥಿ, ಎಲ್ಲದರಲ್ಲೂ ಇರುವುದು ಪ್ರೋಟೀನೇ. ಹಾಗಿದ್ದ ಮೇಲೆ ಗ್ರಂಥಿ ತನ್ನನ್ನೇ ತಾನು ಯಾಕೆ ತಿಂದುಕೊಳ್ಳುವುದಿಲ್ಲ? ಅದು ಟ್ರಿಪ್ಸಿನನ್ನು ಮಲಗಿಸಿಯೇ ಹೊರಗೆ ಕಳಿಸುತ್ತದೆ. ಟ್ರಿಪ್ಸಿನೋಜನ್ ಎಂಬ ಆ ನಿದ್ದೆಯ ರೂಪವನ್ನು ಎಬ್ಬಿಸುವ ಕಿಣ್ವ ಇರುವುದು ಸಣ್ಣ ಕರುಳಿನ ಮೊದಲ ಭಾಗದ ಗೋಡೆಯಲ್ಲಿ, ಅಂದರೆ ಗ್ರಂಥಿಯ ನಾಳ ಬಂದು ತೆರೆದುಕೊಳ್ಳುವ ಜಾಗದಲ್ಲಿ. ಕತ್ತಿ ಒಂದು ಕಡೆ, ಅದನ್ನು ಒರೆಯಿಂದ ಎಳೆಯುವ ಕೈ ಇನ್ನೊಂದು ಕಡೆ. ಪ್ರತಿ ಊಟಕ್ಕೂ ಈ ಏರ್ಪಾಡು ತಪ್ಪದೆ ನಡೆಯುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ.

ಈ ಏರ್ಪಾಡನ್ನು ಮನುಷ್ಯ ಕಲಕಲೇಬೇಕಾಗಿ ಬರುವುದು ಗ್ರಂಥಿಯ ತಲೆಭಾಗದಲ್ಲಿ ಗಡ್ಡೆ ಬೆಳೆದಾಗ. ಪಿತ್ತನಾಳ ಹಾದುಹೋಗುವುದು ಅಲ್ಲಿಂದಲೇ. ಗಡ್ಡೆ ಅದನ್ನು ಅಮುಕಿದರೆ ಕಣ್ಣು, ಉಗುರು, ಮೂತ್ರ ಹಳದಿಯಾಗುತ್ತವೆ. ನಮ್ಮ ಕಡೆ ಇದಕ್ಕೆ 'ಕಾಮಣಿ' ಎಂದು ಹೆಸರಿಟ್ಟು ಮೊದಲು ಓಡುವುದು ಸೊಪ್ಪಿನ ರಸ ಕೊಡುವವರ ಮನೆಗೆ. ಲಿವರಿನ ಸಾಮಾನ್ಯ ಸೋಂಕಿನಿಂದ ಬಂದ ಕಾಮಣಿ ಬಹಳ ಸಲ ತಾನಾಗಿಯೇ ಇಳಿಯುತ್ತದೆ, ಹೆಸರು ಸೊಪ್ಪಿಗೆ ಬರುತ್ತದೆ. ನೋವಿಲ್ಲದೆ ಬಂದು, ದಿನದಿನಕ್ಕೂ ಏರಿ, ಮೈತುರಿಕೆ ಹಚ್ಚಿ, ಮಲದ ಬಣ್ಣವನ್ನೇ ಬಿಳುಪಿಸುವ ಕಾಮಣಿ ಬೇರೆ. ಅದು ನಾಳ ಕಟ್ಟಿಕೊಂಡದ್ದರ ಗುರುತು. ಅಲ್ಲಿ ಕಳೆದ ಪ್ರತಿ ವಾರವೂ ಗಡ್ಡೆಯ ಲೆಕ್ಕಕ್ಕೆ ಜಮಾ ಆಗುತ್ತದೆ.

ಆಗ ಮಾಡುವ ಶಸ್ತ್ರಚಿಕಿತ್ಸೆಗೆ ವಿಪಲ್ ಎಂದು ಹೆಸರು. ಬರ್ಲಿನ್‌ನಲ್ಲಿ ವಾಲ್ಟರ್ ಕೌಷ್ 1912ರಲ್ಲಿ ಇಂಥದ್ದನ್ನು ಪ್ರಕಟಿಸಿದ್ದ. 1935ರಲ್ಲಿ ನ್ಯೂಯಾರ್ಕ್‌ನ ಆ್ಯಲನ್ ವಿಪಲ್ ಮೂವರು ರೋಗಿಗಳ ವಿವರ ಮುಂದಿಟ್ಟ ಮೇಲೆ ಅವನ ಹೆಸರೇ ನಿಂತುಬಿಟ್ಟಿತು. ಗ್ರಂಥಿಯ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ತುದಿ, ಕೆಲವೊಮ್ಮೆ ಜಠರದ ಒಂದಿಷ್ಟು ಭಾಗ ಇವೆಲ್ಲವನ್ನೂ ತೆಗೆದು, ಉಳಿದ ಗ್ರಂಥಿಯನ್ನು, ಪಿತ್ತನಾಳವನ್ನು, ಜಠರವನ್ನು ಮತ್ತೆ ಕರುಳಿಗೆ ಹೊಲಿಯಬೇಕು. ಐದಾರು ಗಂಟೆಯ ಕೆಲಸ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಮೂರು ಬೆಸುಗೆಗಳಲ್ಲಿ ಎಲ್ಲರನ್ನೂ ಹೆದರಿಸುವುದು ಒಂದೇ: ಗ್ರಂಥಿಗೂ ಕರುಳಿಗೂ ಹಾಕಿದ್ದು.

ಅದು ಹೆದರಿಸುವುದಕ್ಕೆ ಕಾರಣ ಹೇಳಿದೆನಲ್ಲ, ಆ ರಸ. ಹೊಲಿಗೆಯ ಸಂದಿಯಿಂದ ಅದು ಹೊಟ್ಟೆಯ ಖಾಲಿ ಜಾಗಕ್ಕೆ ಜಿನುಗಿದರೆ, ಕರುಳಿನ ರಸವೂ ಜೊತೆಗೂಡಿದರೆ, ಮಲಗಿದ್ದ ಟ್ರಿಪ್ಸಿನ್ ಎದ್ದು ಕೂರುತ್ತದೆ. ಎದುರಿಗೆ ಅನ್ನವಿಲ್ಲ, ಬೇಳೆಯಿಲ್ಲ, ಸಿಕ್ಕಿದ್ದನ್ನು ತಿನ್ನತೊಡಗುತ್ತದೆ. ಪಕ್ಕದಲ್ಲೇ ಕತ್ತರಿಸಿ ಕಟ್ಟಿದ ರಕ್ತನಾಳದ ತುದಿ ಇರುತ್ತದೆ. ಅದರ ಗೋಡೆ ಸವೆದರೆ ಹತ್ತನೇ ದಿನವೋ, ಮೂರನೇ ವಾರವೋ ಒಮ್ಮೆಲೇ ರಕ್ತಸ್ರಾವ.

1664ರಲ್ಲಿ ಹಾಲೆಂಡಿನ ರೆನಿಯರ್ ದ ಗ್ರಾಫ್ ಎಂಬ ಇಪ್ಪತ್ತಮೂರರ ಹುಡುಗ ನಾಯಿಯೊಂದರ ಮೇದೋಜೀರಕ ನಾಳಕ್ಕೆ ಬಾತುಕೋಳಿಯ ಗರಿಯ ಕೊಳವೆ ಜೋಡಿಸಿ, ಹನಿಹನಿಯಾಗಿ ಆ ರಸವನ್ನು ಹೊರಗೆ ಹಿಡಿದು ತೋರಿಸಿದ್ದ. ಅವನು ಅಷ್ಟು ಕಷ್ಟಪಟ್ಟು ಮಾಡಿದ ಆ ಹೊರಹರಿವನ್ನೇ ತಡೆಯಲು ಶಸ್ತ್ರಚಿಕಿತ್ಸಕರು ನೂರು ವರ್ಷದಿಂದ ಹೊಲಿಗೆಯ ಮೇಲೆ ಹೊಲಿಗೆ ಕಲಿಯುತ್ತಿದ್ದಾರೆ. ಇವತ್ತಿಗೂ ಪೂರ್ತಿ ಗೆದ್ದಿಲ್ಲ.

ಇದರಲ್ಲಿ ನನಗೆ ತಲೆ ತೂಗಿಸಿದ ಸಂಗತಿ ಇನ್ನೊಂದಿದೆ. ಯಾವ ಗ್ರಂಥಿ ಹೆಚ್ಚು ಸೋರುತ್ತದೆ? ರೋಗ ತಿಂದು ಗಟ್ಟಿಯಾದದ್ದೇ ಎಂದು ಯಾರಾದರೂ ಹೇಳಿಯಾರು. ಆಗುವುದು ತಿರುಗಾಮುರುಗಾ. ವರ್ಷಗಟ್ಟಲೆ ಸಾರಾಯಿಯಿಂದಲೋ ಕಲ್ಲಿನಿಂದಲೋ ಬೆಂದು ನಾರುಗಟ್ಟಿದ ಗ್ರಂಥಿ ಹೊಲಿಗೆಯನ್ನು ಕಚ್ಚಿ ಹಿಡಿಯುತ್ತದೆ, ರಸವನ್ನೂ ಕಡಿಮೆ ಸುರಿಸುತ್ತದೆ. ಮೆತ್ತಗಿರುವ, ನಾಳ ಮೂರು ಮಿಲಿಮೀಟರಿಗಿಂತ ಸಣ್ಣದಿರುವ, ಹೆಚ್ಚು ಆರೋಗ್ಯದ ಗ್ರಂಥಿಯಲ್ಲಿ ದಾರ ಕುಯ್ದುಕೊಂಡು ಹೋಗುತ್ತದೆ, ರಸ ಉಕ್ಕುತ್ತದೆ. ಆರೋಗ್ಯವೇ ಅಪಾಯವಾಗುವ ಜಾಗ ದೇಹದಲ್ಲಿ ಬೇರೆಲ್ಲಿದೆಯೋ ನಾನು ಕೇಳಿಲ್ಲ.

ಒಳ್ಳೆಯ ಕೈಗಳಲ್ಲಿ ಈ ಶಸ್ತ್ರಚಿಕಿತ್ಸೆಯಿಂದ ಸಾಯುವವರು ಇಂದು ನೂರಕ್ಕೆ ಐದರೊಳಗೆ. ಕೆಲವು ದಶಕಗಳ ಹಿಂದೆ ನಾಲ್ವರಲ್ಲಿ ಒಬ್ಬರು ಸಾಯುತ್ತಿದ್ದ ಆಸ್ಪತ್ರೆಗಳಿದ್ದವು. ಆದರೆ ಒಂದಲ್ಲ ಒಂದು ತೊಡಕು ಕಾಣಿಸಿಕೊಳ್ಳುವವರ ಪ್ರಮಾಣ ಈಗಲೂ ನೂರಕ್ಕೆ ಮೂವತ್ತರಿಂದ ಐವತ್ತು. ಅಂದರೆ ತೊಡಕು ಕಡಿಮೆಯಾಗಿ ಜೀವ ಉಳಿಯುತ್ತಿರುವುದಲ್ಲ. ತೊಡಕನ್ನು ಬೇಗ ಕಂಡುಹಿಡಿದು ಜೀವ ಉಳಿಸುತ್ತಿದ್ದಾರೆ. ಈ ವ್ಯತ್ಯಾಸ ಅರ್ಥವಾದ ದಿನ ರಕ್ತ ಪರೀಕ್ಷೆಯ ಹಾಳೆಯ ಮೇಲೆ ನನಗೆ ಗೌರವ ಹೆಚ್ಚಿತು.

ಈಗ ಆ ಮೂರಕ್ಷರಕ್ಕೆ ಬರೋಣ. 1930ರಲ್ಲಿ ನ್ಯೂಯಾರ್ಕ್‌ನ ರಾಕಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತವನ್ನು ಪರೀಕ್ಷಿಸುತ್ತಿದ್ದರು. ಅದರ ತಿಳಿನೀರಿಗೆ ನ್ಯುಮೋಕಾಕಸ್ ರೋಗಾಣುವಿನ ಮೈಯಿಂದ ತೆಗೆದ ಒಂದು ಪದಾರ್ಥ ಬೆರೆಸಿದರೆ ಗಸಿ ಕಟ್ಟುತ್ತಿತ್ತು. ರೋಗಿ ಚೇತರಿಸಿಕೊಂಡ ಮೇಲೆ ಅದೇ ರಕ್ತದಲ್ಲಿ ಗಸಿ ಕಟ್ಟುತ್ತಿರಲಿಲ್ಲ. ಕಾಯಿಲೆಯ ಕಾವಿನಲ್ಲಿ ಮಾತ್ರ ಬಂದು ಹೋಗುವ ಏನೋ ಒಂದು ಅಲ್ಲಿತ್ತು. ಅದೇ ಸಿ-ರಿಯಾಕ್ಟಿವ್ ಪ್ರೋಟೀನ್, ನಮ್ಮ ಸಿಆರ್‌ಪಿ.

ಅದರ ಆಕಾರ ಐದು ಒಂದೇ ತರದ ತುಂಡುಗಳು ಸುತ್ತ ಕೂಡಿದ ಉಂಗುರ. ಸತ್ತ ಜೀವಕೋಶದ, ಕೆಲವು ರೋಗಾಣುಗಳ ಮೈಗೆ ಅದು ಹೋಗಿ ಅಂಟುತ್ತದೆ. ಅಂಟಿ, ಇದನ್ನು ತೆರವು ಮಾಡಿ ಎಂದು ದೇಹದ ಬೇರೆ ಕಾವಲಿನವರಿಗೆ ಗುರುತು ಮಾಡುತ್ತದೆ. ಅಮೆರಿಕದ ಪೂರ್ವ ಕಡಲ ದಂಡೆಯ ಲಾಳದೇಡಿಯ ಮೈರಸದಲ್ಲೂ ಇದೇ ಮನೆತನದ ಪ್ರೋಟೀನು ಸಿಕ್ಕಿದೆ. ಆ ಏಡಿಗಳ ಪೂರ್ವಿಕರ ಪಳೆಯುಳಿಕೆ ನಲವತ್ತು ಕೋಟಿ ವರ್ಷಕ್ಕೂ ಹಿಂದಿನವು. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿದೆ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು. ಗಂಗಾವತಿ ಹತ್ತಿರ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದ ಕಲ್ಲುಮನೆಗಳ ಮುಂದೆ ನಿಂತರೆ ಕಾಲದ ಆಳ ನೋಡಿ ಮಾತೇ ಹೊರಡುವುದಿಲ್ಲ. ಆ ಗುಡ್ಡ ಹತ್ತಿ ನಿಂತವನ ಮೈಯೊಳಗೆ ಅದಕ್ಕಿಂತ ಲೆಕ್ಕವಿಲ್ಲದಷ್ಟು ಹಳೆಯ ಪ್ರೋಟೀನಿನ ವಂಶ ಹರಿಯುತ್ತಿದೆ, ಮತ್ತು ಅದು ಇನ್ನೂ ಕೆಲಸದಲ್ಲಿದೆ.

ಹೊಟ್ಟೆಯಲ್ಲಿ ಎಲ್ಲೋ ಗಾಯವಾದರೆ ಅಲ್ಲಿಯ ಜೀವಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ಬಿಡುತ್ತವೆ. ರಕ್ತದಲ್ಲಿ ಹಾದು ಅದು ಲಿವರನ್ನು ಮುಟ್ಟುತ್ತದೆ. ಲಿವರ್ ಸಿಆರ್‌ಪಿ ತಯಾರಿಸತೊಡಗುತ್ತದೆ. ಆರೋಗ್ಯವಂತರಲ್ಲಿ ಲೀಟರಿಗೆ ಐದು ಹತ್ತು ಮಿಲಿಗ್ರಾಮಿನೊಳಗೆ ಇರುವುದು ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ನೂರು, ನೂರೈವತ್ತು, ಇನ್ನೂರು ದಾಟುತ್ತದೆ. ಎರಡನೇ ದಿನ, ಮೂರನೇ ದಿನದ ಹೊತ್ತಿಗೆ ತುದಿ ಮುಟ್ಟುತ್ತದೆ.

ಇನ್ನು ಈ ಇಡೀ ವಿಷಯದ ಜೀವಾಳ. ರಕ್ತದಲ್ಲಿರುವ ಸಿಆರ್‌ಪಿ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು ಸುಮಾರು 19 ಗಂಟೆ. ಆರೋಗ್ಯವಿರಲಿ, ರೋಗವಿರಲಿ, ಈ 19 ಗಂಟೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಖಾಲಿಯಾಗುವ ವೇಗ ಒಂದೇ ಇರುವುದರಿಂದ, ರಕ್ತದಲ್ಲಿ ಎಷ್ಟಿದೆ ಎಂಬುದು ಒಂದನ್ನೇ ಹೇಳುತ್ತದೆ: ಲಿವರಿಗೆ ಕೂಗು ಇನ್ನೂ ಬರುತ್ತಿದೆಯೋ, ನಿಂತಿತೋ. ಕೂಗು ನಿಂತಿದ್ದರೆ ಅಂಕಿ ಮೂರನೇ ದಿನದಿಂದ ತಾನಾಗಿಯೇ ಇಳಿಯಬೇಕು. ಇಳಿಯದೆ ನಿಂತಿದೆಯೆಂದರೆ, ಇಳಿದದ್ದು ಮತ್ತೆ ಏರಿದೆಯೆಂದರೆ, ಒಳಗೆ ಎಲ್ಲೋ ಯಾರೋ ಇನ್ನೂ ಕೂಗುತ್ತಿದ್ದಾರೆ. ರೋಗಿ ನಗುತ್ತ ಕೂತಿರಬಹುದು, ಗಂಜಿ ಕುಡಿದಿರಬಹುದು, ಹೆಂಡತಿಯ ಹತ್ತಿರ ಊರಿನ ಸುದ್ದಿ ಕೇಳುತ್ತಿರಬಹುದು. ಅವನಿಗೇ ಗೊತ್ತಿಲ್ಲದ್ದು ಅವನ ರಕ್ತಕ್ಕೆ ಗೊತ್ತಿರುತ್ತದೆ.

2024ರ ಆಗಸ್ಟ್ 10ರ ರಾತ್ರಿಯನ್ನು ನಮ್ಮ ಜಿಲ್ಲೆ ಮರೆಯುವುದಿಲ್ಲ. ಅತ್ತ ಹೊಸಪೇಟೆ, ಇತ್ತ ನಮ್ಮ ಮುನಿರಾಬಾದ್ ನಡುವೆ ನಿಂತ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯ. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು, ಇಡೀ ಹಂಗಾಮಿಗೆಂದು ಕೂಡಿಟ್ಟ ನೀರನ್ನು ನದಿಗೆ ಬಿಡಬೇಕಾಯಿತು. ಗಂಗಾವತಿ, ಕಾರಟಗಿಯ ಭತ್ತದ ರೈತರು ನಿದ್ದೆಗೆಟ್ಟು ಕೂತರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ಬಾಯಿ ಮುಚ್ಚುವವರೆಗೆ ಒಂದು ವಾರ ಉಸಿರು ಹಿಡಿದಿದ್ದೆವು. ಎಪ್ಪತ್ತು ವರ್ಷ ದುಡಿದ ಕಬ್ಬಿಣದ ಸರಪಳಿ ಕಡಿಯುವ ಮುನ್ನಾ ದಿನ ದಂಡೆಯ ಮೇಲಿನ ಜನಕ್ಕೆ ಒಂದು ಮಾತೂ ಹೇಳಲಿಲ್ಲ. ಮನುಷ್ಯನ ದೇಹ ಹಾಗಲ್ಲ. ತನ್ನ ಕಟ್ಟೆ ಎಲ್ಲೋ ಬಿರಿಯುತ್ತಿದೆ ಎಂದು ಅದು ಒಂದು ದಿನ ಮುಂಚಿತವಾಗಿ, ಎರಡು ದಿನ ಮುಂಚಿತವಾಗಿ ಹೇಳುತ್ತದೆ. ಕೇಳುವ ಕಿವಿ ಬೇಕು ಅಷ್ಟೆ.

ಸಿಆರ್‌ಪಿ ಒಂದೇ ಅಲ್ಲ. ಶಸ್ತ್ರಚಿಕಿತ್ಸೆಯ ಮೊದಲ ದಿನವೇ ರಕ್ತದಲ್ಲಿ ಅಮೈಲೇಸ್ ಏರಿದ್ದರೆ ಉಳಿದ ಗ್ರಂಥಿ ಕೆರಳಿದೆ ಎಂದರ್ಥ. ಈ ಕಿಣ್ವವನ್ನು ರಕ್ತದಲ್ಲಿ ಅಳೆದು ಗ್ರಂಥಿಯ ರೋಗ ಗುರುತಿಸಬಹುದೆಂದು ಸೇಂಟ್ ಲೂಯಿಸ್‌ನ ರಾಬರ್ಟ್ ಎಲ್ಮನ್ ಮತ್ತು ಜೊತೆಗಾರರು ತೋರಿಸಿದ್ದು 1929ರಲ್ಲಿ. ಅಷ್ಟು ಹಳೆಯ ಪರೀಕ್ಷೆಗೆ ಈಚೆಗೆ ಹೊಸ ಕೆಲಸ ಸಿಕ್ಕಿದೆ: ರಕ್ತದ ಅಮೈಲೇಸ್ 48 ಗಂಟೆಯ ನಂತರವೂ ಇಳಿಯದೆ ಉಳಿದರೆ ಹುಷಾರಾಗಿರಬೇಕೆಂದು ಅಂತರರಾಷ್ಟ್ರೀಯ ಶಸ್ತ್ರಚಿಕಿತ್ಸಕರ ತಂಡ ಹೇಳಿದೆ. ಹೊಟ್ಟೆಗೆ ಇಟ್ಟ ಡ್ರೇನ್ ಕೊಳವೆಯಲ್ಲಿ ಬರುವ ನೀರಿನ ಅಮೈಲೇಸನ್ನೂ ಅಳೆಯುತ್ತಾರೆ. ಮೂರನೇ ದಿನ ಅಥವಾ ಆಮೇಲೆ ಅದು ರಕ್ತದ ಸಾಮಾನ್ಯ ಮೇಲ್ಮಿತಿಯ ಮೂರು ಪಟ್ಟು ದಾಟಿದ್ದರೆ ರಸ ಸೋರುತ್ತಿದೆ ಎಂದು ಲೆಕ್ಕ. ಬರೀ ಸೋರಿ ರೋಗಿಗೆ ಏನೂ ಆಗದಿದ್ದರೆ ಅದನ್ನು ತೊಡಕು ಎನ್ನಬೇಕಿಲ್ಲವೆಂದು ಅದೇ ತಂಡದ 2016ರ ಪರಿಷ್ಕರಣೆ ಸೇರಿಸಿತು, ಅದು ವಿವೇಕದ ಮಾತು. ಪ್ರೊಕ್ಯಾಲ್ಸಿಟೋನಿನ್ ಎಂಬುದು ಸೋಂಕಿದೆಯೇ ಎಂದು ಹೇಳಲು ಹೆಚ್ಚು ಚುರುಕು, ಬೆಲೆಯೂ ಹೆಚ್ಚು. ಬಿಳಿರಕ್ತಕಣ, ಆಲ್ಬುಮಿನ್ ಎಲ್ಲ ಲ್ಯಾಬಿನಲ್ಲೂ ಆಗುವಂಥವು.

ಬೆರಗು ಪಡುವವನು ಎಚ್ಚರವನ್ನೂ ಇಟ್ಟುಕೊಳ್ಳಬೇಕು. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರಕ್ಕೆ ಹೋಗುವ ನಮ್ಮ ಜನ ಗೊರವಯ್ಯ ಬಿಲ್ಲೇರಿ ನುಡಿಯುವ ಒಂದು ಸಾಲಿನ ಕಾರಣಿಕವನ್ನು ಕಿವಿಗೊಟ್ಟು ಕೇಳಿ, ಮಳೆಗೆ ಬೆಳೆಗೆ ಹೊಂದಿಸಿ ಅರ್ಥ ಹೇಳಿಕೊಳ್ಳುತ್ತ ವಾಪಸು ಬರುತ್ತಾರೆ. ಅದು ನಂಬಿಕೆಯ ಜಾಗ. ಲ್ಯಾಬಿನ ಅಂಕಿಯನ್ನು ಹಾಗೆ ತೆಗೆದುಕೊಳ್ಳಬಾರದು. ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆ ಆದವರಲ್ಲಿ ಹೊಲಿಗೆ ಸೋರುವುದನ್ನು ಸಿಆರ್‌ಪಿ ಎಷ್ಟು ಸರಿಯಾಗಿ ಹೇಳುತ್ತದೆಂದು ಹಲವು ಅಧ್ಯಯನಗಳನ್ನು ಕೂಡಿಸಿ 2014ರಲ್ಲಿ ಲೆಕ್ಕ ಹಾಕಿದರು. ಅಂಕಿ ಕಡಿಮೆಯಿದ್ದವರಲ್ಲಿ ನೂರಕ್ಕೆ 97 ಮಂದಿಗೆ ಸೋರಿಕೆ ಇರಲೇ ಇಲ್ಲ. ಅಂಕಿ ಹೆಚ್ಚಿದ್ದವರಲ್ಲಿ ನಿಜವಾಗಿ ಸೋರಿದ್ದು ಕಾಲು ಭಾಗಕ್ಕಿಂತ ಕಡಿಮೆ ಜನರಲ್ಲಿ. ಮೇದೋಜೀರಕದಲ್ಲೂ ಈ ಪರೀಕ್ಷೆಯ ಸ್ವಭಾವ ಇದೇ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಇದು. ಮುಂದಾಗುವುದನ್ನು ಹೇಳುವುದು ಎಂದರೆ ಕೇಡನ್ನು ಹೇಳುವುದು ಎಂದುಕೊಂಡಿದ್ದೇವೆ. ಕಾಗೆ ಕೂಗಿದರೂ, ಬೆಕ್ಕು ಅಡ್ಡ ಬಂದರೂ ನಮ್ಮ ಮನಸ್ಸು ಹೋಗುವುದು ಕೇಡಿಗೆ. ರಕ್ತ ಹೆಚ್ಚು ನಿಖರವಾಗಿ ಹೇಳುವುದು ಕೇಡನ್ನಲ್ಲ, ಕ್ಷೇಮವನ್ನು. ಅಂಕಿ ಏರಿದ್ದರೆ ಅದು "ಹುಡುಕಿ ನೋಡಿ" ಎನ್ನುತ್ತದೆ, ಅಷ್ಟೆ. ನ್ಯುಮೋನಿಯಾ ಇರಬಹುದು, ಮೂತ್ರದ ಸೋಂಕಿರಬಹುದು, ಏನೂ ಇಲ್ಲದೆಯೂ ಇರಬಹುದು. ಅಂಕಿ ಇಳಿದಿದ್ದರೆ ಅದರ ಮಾತು ಬಹುಮಟ್ಟಿಗೆ ಗಟ್ಟಿ: ಕೊಳವೆ ತೆಗೆಯಿರಿ, ನಡೆದಾಡಿಸಿ, ಉಣ್ಣಿಸಿ, ಮನೆಗೆ ಕಳಿಸಿ. ಆಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿಕೊಂಡು ಕಾಯುವ ಕುಟುಂಬಕ್ಕೆ ಇದಕ್ಕಿಂತ ದೊಡ್ಡ ಮುನ್ನುಡಿ ಯಾವುದು? ದಿನಾ ಬೆಳಿಗ್ಗೆ ಸಿರಿಂಜು ಹಿಡಿದು ಬರುವ ಸಿಸ್ಟರನ್ನು ಕಂಡು "ಎಷ್ಟ್ ರಕ್ತ ತಗೀತಾರವ್ವಾ ಇವ್ರು, ಮೊದ್ಲ ಮೈಯಾಗ ರಕ್ತ ಇಲ್ಲ" ಎಂದು ಗೊಣಗುವ ಹಿರಿಯರ ಮಾತು ನಮ್ಮ ಕಡೆಯ ವಾರ್ಡುಗಳಲ್ಲಿ ಸಾಮಾನ್ಯ. ಒಂದು ದಿನದ ಅಂಕಿಯಿಂದ ಹೆಚ್ಚೇನೂ ತಿಳಿಯದು, ನಿನ್ನೆಯದರ ಪಕ್ಕದಲ್ಲಿ ಇಂದಿನದನ್ನು ಇಟ್ಟರೆ ಮಾತ್ರ ಅದು ಮಾತಾಡುತ್ತದೆ ಎಂದು ಯಾರಾದರೂ ಆ ಹಿರಿಯರ ಪಕ್ಕ ಕೂತು ಹೇಳಬೇಕು. ಹೇಳಿದರೆ ಅವರಿಗೆ ಖಂಡಿತ ತಿಳಿಯುತ್ತದೆ. ಇವತ್ತಿನ ಮೋಡವನ್ನು ನಿನ್ನೆಯ ಗಾಳಿಯ ಜೊತೆ ಇಟ್ಟು ಓದಿದವರೇ ಅವರು.

ದಿನದಿನದ ಅಂಕಿ ಓದುವ ಈ ಕೆಲಸವನ್ನು ನೆದರ್ಲೆಂಡ್ಸ್ ದೇಶ ದೊಡ್ಡದಾಗಿ ಮಾಡಿ ತೋರಿಸಿದೆ. ಅಲ್ಲಿ ಮೇದೋಜೀರಕ ಶಸ್ತ್ರಚಿಕಿತ್ಸೆ ಮಾಡುವ 17 ಕೇಂದ್ರಗಳು ಸೇರಿ 1,748 ರೋಗಿಗಳ ಮೇಲೆ ನಡೆಸಿದ ಪೋರ್ಶ್ ಅಧ್ಯಯನದ ಫಲಿತಾಂಶ 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಮೂರನೇ ದಿನದಿಂದ ಪ್ರತಿದಿನ ರೋಗಿಯ ಸ್ಥಿತಿ, ರಕ್ತದ ಅಂಕಿ, ಡ್ರೇನಿನ ನೀರು ನೋಡುವುದು. ಇಂತಿಷ್ಟು ಕೆಟ್ಟಿದ್ದರೆ ಕಾಯದೆ ಸಿ.ಟಿ. ಸ್ಕ್ಯಾನ್, ಸ್ಕ್ಯಾನಿನಲ್ಲಿ ಕೀವೋ ನೀರೋ ಕಂಡರೆ ಹೊಟ್ಟೆ ಮತ್ತೆ ಬಿಚ್ಚದೆ ಸೂಜಿಯಿಂದ ಕೊಳವೆ ಹಾಕಿ ಹೊರತೆಗೆಯುವುದು. ಇದನ್ನೇ ನಿಯಮವಾಗಿ ಬರೆದಿಟ್ಟು ಎಲ್ಲರೂ ಒಂದೇ ತರ ಪಾಲಿಸಿದರು. ದೊಡ್ಡ ರಕ್ತಸ್ರಾವ, ಅಂಗಾಂಗ ವೈಫಲ್ಯ ಅಥವಾ ಸಾವಿಗೆ ಈಡಾದವರು ನೂರಕ್ಕೆ 14 ಇದ್ದದ್ದು 8ಕ್ಕೆ ಇಳಿಯಿತು. ಮೂರು ತಿಂಗಳೊಳಗಿನ ಸಾವು ನೂರಕ್ಕೆ 5 ಇದ್ದದ್ದು 3 ಆಯಿತು. ಎಲ್ಲ ಆಸ್ಪತ್ರೆಯಲ್ಲೂ ಮೊದಲಿಂದ ಆಗುತ್ತಿದ್ದ ಪರೀಕ್ಷೆಗಳೇ ಅವು. ಬದಲಾದದ್ದು ಅಂಕಿಯನ್ನು ನೋಡಿದ ಮೇಲೆ ಎದ್ದು ನಡೆದವರ ಕಾಲು.

ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಕುಷ್ಟಗಿ ತಾಲ್ಲೂಕಿನ ಹಳ್ಳಿಗಳು. ಇಂಥ ಶಸ್ತ್ರಚಿಕಿತ್ಸೆಗೆ ನಮ್ಮವರು ಹೋಗುವುದು ಹುಬ್ಬಳ್ಳಿ, ಬೆಂಗಳೂರು, ಹೈದರಾಬಾದಿನ ಕಡೆಗೆ. ಅದು ತಪ್ಪಲ್ಲ. ಅಮೆರಿಕದಲ್ಲಿ 2002ರಲ್ಲಿ ಲೆಕ್ಕ ಹಾಕಿದಾಗ ವರ್ಷಕ್ಕೆ ಇಂಥ ಒಂದು ಶಸ್ತ್ರಚಿಕಿತ್ಸೆಯನ್ನೂ ಸರಾಸರಿ ಮಾಡದ ಆಸ್ಪತ್ರೆಗಳಲ್ಲಿ ನೂರಕ್ಕೆ 16 ಜನ ಸತ್ತಿದ್ದರು, ಹದಿನಾರಕ್ಕಿಂತ ಹೆಚ್ಚು ಮಾಡುವ ಕಡೆ 4ರೊಳಗೆ. ಕೈ ಪಳಗಿದ ಕಡೆಗೇ ಹೋಗಬೇಕು. ದುಡ್ಡಿನ ಅಡ್ಡಿಯೂ ಮೊದಲಿನಷ್ಟಿಲ್ಲ. ಬಡವರ ಚಿಕಿತ್ಸೆಯ ವೆಚ್ಚ ಭರಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ರಾಜ್ಯದಲ್ಲೇ ಮೊದಲು ಜಾರಿಯಾದದ್ದು ನಮ್ಮ ಕಲಬುರಗಿ ವಿಭಾಗದಲ್ಲಿ. ಅದು ಬಂದ ಹಳ್ಳಿಗಳಲ್ಲಿ, ಯೋಜನೆ ವ್ಯಾಪ್ತಿಯ ಕಾಯಿಲೆಗಳಿಂದ ಬಡಕುಟುಂಬಗಳಲ್ಲಾದ ಸಾವು ನೂರಕ್ಕೆ 0.32, ಬಾರದ ಹಳ್ಳಿಗಳಲ್ಲಿ 0.90 ಎಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿತು. ಈಗ ಅದರ ಜಾಗದಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಇದೆ. 2025ರ ಮೇ ತಿಂಗಳಿಂದ ಯಲಬುರ್ಗಾ ಹಾದು ಕುಷ್ಟಗಿಗೆ ಹುಬ್ಬಳ್ಳಿಯ ರೈಲೂ ಬರುತ್ತಿದೆ. ದಶಕಗಟ್ಟಲೆ ಕಾದ ರೈಲು ಅದು.

ಆದರೆ ಶಸ್ತ್ರಚಿಕಿತ್ಸೆಯ ನಂತರ ರೋಗಿ ಒಂದು ದಿನ ಅದೇ ರೈಲಿನಲ್ಲಿ ಊರಿಗೆ ಮರಳುತ್ತಾನೆ. ತಡವಾಗಿ ಬರುವ ಕೀವಿನ ಗಡ್ಡೆ, ತಡವಾಗಿ ಬರುವ ರಕ್ತಸ್ರಾವ ಅವನ ಬೆನ್ನು ಬಿಟ್ಟಿರುವುದಿಲ್ಲ. ದೊಡ್ಡ ರಕ್ತಸ್ರಾವಕ್ಕೆ ಗಂಟೆಗಳೋ ದಿನವೋ ಮುಂಚೆ ಸಣ್ಣದೊಂದು ಆಗುವುದುಂಟು: ವಾಂತಿಯಲ್ಲಿ ತುಸು ಕೆಂಪು, ಮಲದಲ್ಲಿ ಡಾಂಬರಿನಂಥ ಕಪ್ಪು, ಕೊಳವೆ ಇನ್ನೂ ಇದ್ದರೆ ಅದರಲ್ಲಿ ರಕ್ತದ ಎಳೆ. ತಾನೇ ನಿಂತುಬಿಡುವುದರಿಂದ ಮನೆಯವರು "ಉಷ್ಣ ಆಗೇದ" ಎಂದು ಎಳನೀರು ಕುಡಿಸುತ್ತಾರೆ. ಹುಬ್ಬಳ್ಳಿಯಲ್ಲಿ, ಬೆಂಗಳೂರಿನಲ್ಲಿ ದಿನಾ ಕೇಳಿಸಿಕೊಳ್ಳುತ್ತಿದ್ದ ರಕ್ತದ ಮಾತು ಹಳ್ಳಿಗೆ ಬಂದೊಡನೆ ಕೇಳುವವರಿಲ್ಲದೆ ಹೋಗುತ್ತದೆ. ಕೇಳಲು ಏನೂ ದೊಡ್ಡದು ಬೇಕಿಲ್ಲ. ಸಿಆರ್‌ಪಿ, ಹಿಮೋಗ್ಲೋಬಿನ್, ಬಿಳಿರಕ್ತಕಣ ಈ ಮೂರನ್ನು ಮಾಡುವ ಲ್ಯಾಬ್ ಗಂಗಾವತಿಯಲ್ಲಿದೆ, ಕುಷ್ಟಗಿಯಲ್ಲಿದೆ, ಯಲಬುರ್ಗಾದಲ್ಲಿದೆ. ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಕೊರೋನಾ ಕಾಲದಲ್ಲಿ ಸಿಆರ್‌ಪಿ ಎಷ್ಟೆಂದು ಕೇಳಲು ಕಲಿತ ಜನವೂ ಇಲ್ಲೇ ಇದ್ದಾರೆ.

ಅದಕ್ಕೇ ಓದುವವರಲ್ಲಿ ಇಷ್ಟು ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಮೇದೋಜೀರಕದ ಶಸ್ತ್ರಚಿಕಿತ್ಸೆ ಆಗಿ ಬಂದವರಿದ್ದರೆ, ಡಿಸ್ಚಾರ್ಜ್ ಕಾಗದವನ್ನು, ಕೊನೆಯ ರಕ್ತ ಪರೀಕ್ಷೆಯ ಹಾಳೆಯನ್ನು ಕೈಗೆ ಸಿಗುವಲ್ಲಿ ಇಡಿ. ಶಸ್ತ್ರಚಿಕಿತ್ಸೆ ಮಾಡಿದ ವಿಭಾಗದ ಫೋನ್ ನಂಬರನ್ನು ಅದರ ಮೇಲೆಯೇ ಬರೆದಿಡಿ. ಜ್ವರ, ಚಳಿ, ಹೊಸದಾಗಿ ಹೊಟ್ಟೆನೋವು ಬಂದರೆ ಅದೇ ದಿನ ಹತ್ತಿರದ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಹಳೆಯ ಹಾಳೆಯ ಪಕ್ಕದಲ್ಲಿ ಹೊಸದನ್ನಿಟ್ಟು ವೈದ್ಯರಿಗೆ ತೋರಿಸಿ, ದೊಡ್ಡ ಆಸ್ಪತ್ರೆಗೆ ಫೋನ್ ಮಾಡಲು ಹೇಳಿ. ವಾಂತಿಯಲ್ಲೋ ಮಲದಲ್ಲೋ ಕೊಳವೆಯಲ್ಲೋ ಒಂದೇ ಒಂದು ಸಲ ರಕ್ತ ಕಂಡರೂ, ಅದು ನಿಂತಿದ್ದರೂ, ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ ಆ ರಾತ್ರಿಯೇ ಹೊರಡಿ.